ಎರಡು ಥೌ ಹೆಚ್ಚಿನ ಗುಂಡು

ಹನುಮವ್ವ ಮುಲುಂಡಿನಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ ವಿಲೆ ಪಾರ್ಲೆ ಸ್ಟೇಷನ್ನಿನ ಹೊರಗೆ ಬಂದು ನಿಂತಾಗ ಅವಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ರಿಕ್ಷಾಗಳ ಸಾಲಿನಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದ ದಾನೇಶ್ವರಿ, ಆ ಮುಖ ನೋಡಿದವಳೇ ಹ್ಯಾಂಡಲ್ ಬಿಟ್ಟು ಕೆಳಗಿಳಿದಳು.

"ಚಿಗವ್ವಾ, ಏನಾತು?"

"ನಿಮ್ಮ ಕಾಕಾನ್ನ ಪೊಲೀಸರು ಒಯ್ದಾರವ್ವ. ಸೋಮನಾಥ ಸಾಹೇಬ್ರನ್ನ ಗುಂಡು ಹೊಡದು ಕೊಂದಾನಂತ. ಅಂವ ಒಂದು ಮಾತೂ ಆಡಾಕತ್ತಿಲ್ಲ. ಹೌದು ಅಂತಿಲ್ಲ, ಇಲ್ಲ ಅಂತಿಲ್ಲ."

 ಇಂಡಿ ಊರಿನಿಂದ ಕೂಲಿಗೆ ಬಂದಿದ್ದ ದಾನೇಶ್ವರಿಯ ಅಪ್ಪ ಕಟ್ಟಡದಿಂದ ಬಿದ್ದು ಸತ್ತಾಗ ಅವಳಿಗೆ ಹನ್ನೊಂದು ವರ್ಷ. ಅಂದಿನಿಂದ ಸಾಕಿದವನು ಕಾಕಾ ಚಂದ್ರಾಮ. ರಿಕ್ಷಾ ಓಡಿಸುತ್ತೇನೆಂದು ಅವಳು ಹಟ ಹಿಡಿದಾಗ ಸಂಬಂಧಿಕರೆಲ್ಲ ನಕ್ಕರೂ, ಜೊತೆಗೆ ಬಂದು ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ನಿಂತವನು ಅವನೊಬ್ಬನೇ.

ಅವಳು ಹೆಚ್ಚು ಯೋಚಿಸಲಿಲ್ಲ. ಚಿಗವ್ವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನೇರ ವಾರಿಜಾ ಬಂಗೇರರ ಬಿಲ್ಡಿಂಗಿಗೆ ಹೋದಳು.

ಕಾಪು ಕಡೆಯ ವಾರಿಜಾ ಬಂಗೇರರಿಗೆ ಅರವತ್ನಾಲ್ಕು ವರ್ಷ. ಸರ್ಕಾರಿ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಸತ್ತವರ ಮೈಯಿಂದ ತೆಗೆದ ಗುಂಡುಗಳನ್ನು ಅಳೆಯುವುದು. ನಿವೃತ್ತಿಯಾದ ಮೇಲೂ ದಿಕ್ಕು ತೋಚದ ಪೊಲೀಸರು ಮೂರನೇ ಮಹಡಿ ಹತ್ತಿ ಬರುವುದು ನಿಂತಿರಲಿಲ್ಲ. ಅಂಥ ಪ್ರತಿ ಪ್ರಕರಣದಲ್ಲೂ ಅವರನ್ನು ಕರೆದೊಯ್ದು, ಕಾದು, ಕಂಡದ್ದನ್ನೆಲ್ಲ ನೆನಪಿಟ್ಟುಕೊಂಡು ಬರುವ ಕೆಲಸ ನಾಲ್ಕು ವರ್ಷಗಳಿಂದ ದಾನೇಶ್ವರಿಯದು. ಆದರೆ ಇದುವರೆಗೆ ಸತ್ತವರೂ ಸಿಕ್ಕಿಬಿದ್ದವರೂ ಅವಳಿಗೆ ಯಾರೋ ಆಗಿದ್ದರು.

ವಾರಿಜಾ ಹನುಮವ್ವನಿಗೆ ಮೊದಲು ಗಂಜಿ ಕೊಟ್ಟರು. ಅವಳು ಕುಡಿದು ಮುಗಿಸುವ ತನಕ ಏನನ್ನೂ ಕೇಳಲಿಲ್ಲ.

"ಈಗ ಹೇಳಿ. ನಿಮ್ಮ ಗಂಡ ಅಲ್ಲಿ ಮಾಡುವ ಕೆಲಸ ಎಂತದು?"

ಮುಲುಂಡಿನ ಪಶ್ಚಿಮಕ್ಕೆ, ಕಾಡಿನ ಗುಡ್ಡಕ್ಕೆ ಒತ್ತಿಕೊಂಡು ಒಂದು ರೈಫಲ್ ಕ್ಲಬ್ ಇತ್ತು. ಸೋಮನಾಥ ಕರ್ಕೇರ ಅದರ ಮುಖ್ಯಸ್ಥ, ಹಳೆಯ ಕಾಲದ ರಿವಾಲ್ವರ್ ಗುರಿಕಾರ. ವಿಶೇಷ ಅನುಮತಿಯ ಮೇಲೆ ಅಲ್ಲಿ ಅಭ್ಯಾಸದ ತೋಟಾಗಳನ್ನು ಕ್ಲಬ್ಬಿನವರೇ ತಯಾರಿಸಿಕೊಳ್ಳುತ್ತಿದ್ದರು. ಮಣ್ಣಿನ ದಿಬ್ಬದಲ್ಲಿ ಹುಗಿದುಹೋದ ಹಳೆ ಗುಂಡುಗಳನ್ನು ಹೆಕ್ಕಿ, ಕರಗಿಸಿ, ಅಚ್ಚಿಗೆ ಹೊಯ್ದು ಹೊಸ ಗುಂಡು ಮಾಡಿಕೊಡುವುದು ಚಂದ್ರಾಮನ ಕೆಲಸ. ಗಂಡ ಹೆಂಡತಿ ಇಬ್ಬರೂ ಕ್ಲಬ್ಬಿನ ಹಿಂದಿನ ಶೆಡ್ಡಿನಲ್ಲೇ ಇದ್ದರು.

"ಮೂರು ದಿನದ ಹಿಂದ ಸಾಹೇಬ್ರು ಎಲ್ಲಾರ ಮುಂದ ಬೈದ್ರು ರೀ. 'ಅಚ್ಚು ಯಾರಿಗೆ ಕೊಟ್ಟಿದ್ದಿ ಹೇಳು' ಅಂತ. ಇಂವ ತೆಲಿ ಬಗ್ಗಿಸಿ ನಿಂತಾ. ಅದಕ್ಕ ಸಿಟ್ಟಿಟ್ಟುಕೊಂಡು ಕೊಂದಾನ ಅಂತಾರ ಈಗ."

"ನಿನ್ನೆ ಬೆಳಿಗ್ಗೆ ನೀವೆಲ್ಲಿದ್ರಿ?"

"ಶೆಡ್ಡಿನ್ಯಾಗ. ಹಾಲು ಕಾಸಾಕ ಇಟ್ಟಿದ್ದೆ. ಆರೂವರಿ ಆಗಿತ್ತೇನೋ. ದಢ್ ಅಂತ ಒಂದು ಸಪ್ಪಳ ಬಂತು. ಹಾಲು ಉಕ್ಕಿ ಇಳಿಸೋ ಹೊತ್ತಿಗೆ ಇನ್ನೊಂದು. ಗುಂಡಿನ ಸಪ್ಪಳ ಅಲ್ಲಿ ದಿನಾ ಇರೂದೇ, ಯಾರು ಹೊಳ್ಳಿ ನೋಡ್ತಾರ್ರೀ? ಇಂವ ಆಗ ಗುಡ್ಡದ ಕಡಿ ಮಣ್ಣು ತುಂಬಾಕ ಹೋಗಿದ್ದ. ಏಳಕ್ಕ ಬಂದು ಖೋಲಿ ಬಾಗ್ಲಾ ತೆರದ್ರ ಸಾಹೇಬ್ರು ಬಿದ್ದಿದ್ರು."

"ಎರಡು ಸದ್ದು. ಸರಿಯಾಗಿ ನೆನಪುಂಟಾ?"

"ಎರಡು."

ವಾರಿಜಾ ಎದ್ದು ಕಪಾಟಿನಿಂದ ಚರ್ಮದ ಪುಟ್ಟ ಚೀಲವೊಂದನ್ನು ತೆಗೆದುಕೊಂಡರು. ಅದರಲ್ಲಿ ಅವರ ಮೈಕ್ರೊಮೀಟರ್ ಮತ್ತು ಅಳತೆಯ ಉಕ್ಕಿನ ಕಡ್ಡಿಗಳಿದ್ದವು.

ಜನವರಿಯ ಮಂಜು ಇನ್ನೂ ಗುಡ್ಡದ ಮೇಲಿಂದ ಇಳಿದಿರಲಿಲ್ಲ. ಕ್ಲಬ್ಬಿನ ಗೇಟಿನಲ್ಲಿ ಚಿರತೆಯ ಬಗ್ಗೆ ಎಚ್ಚರಿಸುವ ಅರಣ್ಯ ಇಲಾಖೆಯ ಫಲಕ, ಅದರ ಕೆಳಗೆ ಒಬ್ಬ ಕಾನ್‌ಸ್ಟೇಬಲ್. ಒಳಗೆ ಇನ್‌ಸ್ಪೆಕ್ಟರ್ ರಾಧಿಕಾ ಮಾಳಗೆ ಕಾಯುತ್ತಿದ್ದಳು. ಸೊಲ್ಲಾಪುರದವಳು, ಮನೆಯಲ್ಲಿ ಕನ್ನಡ, ಕಲಿತದ್ದೆಲ್ಲ ಮರಾಠಿ. ತರಬೇತಿಯ ದಿನಗಳಲ್ಲಿ ವಾರಿಜಾರ ಪಾಠ ಕೇಳಿದವಳು.

"ಮ್ಯಾಡಂ, ನೀವು ಬಂದ್ರಿ ಅಂತ ಖುಷಿ. ಆದ್ರ ಕೇಸು ಸೀದಾ ಅದ," ಎಂದಳು. "ಸೋಮನಾಥ ತೋಟಾ ತುಂಬೋ ಈ ಖೋಲಿಯೊಳಗ ನಿಂತಿದ್ರು. ಎರಡು ಹೆಜ್ಜಿ ದೂರದಿಂದ ಎದಿಗೆ ಒಂದು ಗುಂಡು. ಆರ್ಪಾರ್ ಹೋಗಿ ಹಿಂದಿನ ಚಿಂದಿ ಬಟ್ಟಿ ಮೂಟಿಯೊಳಗ ಕೂತಿತ್ತು, ಒಂಚೂರೂ ಜಜ್ಜಿಲ್ಲ. ಸೀಸದ್ದು, ಎರಕದ್ದು. ಕ್ಲಬ್ಬಿನ ಅಚ್ಚಿನೊಳಗ ಒಂದು ಗೀರು ಅದ. ಅದರೊಳಗ ಎರೆದ ಗುಂಡಿಗೆಲ್ಲ ಆ ಗೀರು ಬರ್ತದ. ಈ ಗುಂಡಿಗೂ ಅದ."

"ಬಂದೂಕು?"

"ಕಪಾಟಿನ್ಯಾಗ ಐದು ರಿವಾಲ್ವರ್. ಮೂರನೇ ನಂಬರಿನ್ಯಾಗ ಹೊಡೆದ ತೋಟಾ ಒಂದು. ಚಕ್ರದ ಉಳಿದ ಐದು ಮನಿ ಖಾಲಿ. ಕಪಾಟಿನ ಚಾವಿ ಸೋಮನಾಥರ ಮೇಜಿನ ಮ್ಯಾಲೆ. ಚಂದ್ರಾಮನ ಕೈತುಂಬ ಮದ್ದಿನ ಕಣ. ಲ್ಯಾಬ್ ರಿಪೋರ್ಟ್ ಬರೋದಕ್ಕ ಮೂರು ವಾರ."

"ಅವ ದಿನಾ ಬಂದೂಕು ಒರೆಸುವವ. ಕೈಯಲ್ಲಿ ಮದ್ದು ಇಲ್ಲದಿದ್ರೆ ಆಶ್ಚರ್ಯ," ಎಂದರು ವಾರಿಜಾ. "ಮತ್ತೆ, ಮೂರನೇ ನಂಬರಿನಿಂದ ಹೋದದ್ದು ಒಂದೇ ಗುಂಡು. ಹನುಮವ್ವ ಕೇಳಿದ್ದು ಎರಡು ಸದ್ದು."

ರಾಧಿಕಾ ಬಾಗಿಲು ಸರಿಸಿ ವರಾಂಡದ ಕಡೆ ಕೈ ತೋರಿದಳು.

ವರಾಂಡದಲ್ಲಿ ಮೂವರು ಕುಳಿತಿದ್ದರು. ಅಚ್ಚು ಎಲ್ಲಿರುತ್ತದೆ, ತೋಟಾ ಹೇಗೆ ತುಂಬುತ್ತಾರೆ ಎಂದು ಕ್ಲಬ್ಬಿನಲ್ಲಿ ತಿಳಿದವರು ಇವರೇ. ಸೋಮನಾಥರ ಮಗಳು ನಿಶ್ಮಿತಾ, ಅತ್ತು ಕಣ್ಣು ಬಾತುಹೋದ ಇಪ್ಪತ್ತೊಂಬತ್ತರ ಹುಡುಗಿ. ಪ್ರೀತಮ್ ಸಾಲ್ಯಾನ್, ಕ್ಲಬ್ಬಿನ ಅತ್ಯುತ್ತಮ ಗುರಿಕಾರ. ತಿಂಗಳ ಹಿಂದೆ ಸೋಮನಾಥ ಅವನನ್ನು ತಂಡದಿಂದ ಕೈಬಿಟ್ಟಿದ್ದರು. ಮೂರನೆಯವನು ಸುಕೇಶ್ ಪೂಂಜ, ಸೋಮನಾಥರ ಹಳೆಯ ಗೆಳೆಯ, ಅಂಧೇರಿಯಲ್ಲಿ ಸಿನಿಮಾಗಳಿಗೆ ಹಳೆ ಕಾಲದ ಸಾಮಾನು ಒದಗಿಸುವವನು.

"ಐ ವಾಸ್ ಆಂಗ್ರಿ, ಯೆಸ್," ಎಂದ ಪ್ರೀತಮ್, ಯಾರೂ ಕೇಳುವ ಮೊದಲೇ. "ಲೇಕಿನ್ ನಾನು ಯಾಕೆ ಸರ್‌ಗೆ ಶೂಟ್ ಮಾಡ್ಲಿ? ನಾನು ಮನೆಯಲ್ಲಿ ಮಲಗಿದ್ದೆ."

ಸುಕೇಶ್ ಎದ್ದು ಹನುಮವ್ವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಕ್ಯಾಂಟೀನಿನಿಂದ ಚಹಾ ತಂದು ಅವಳ ಕೈಗಿತ್ತ. "ನೀವು ಹೆದರ್ಬೇಡಿ ಅಮ್ಮ. ಚಂದ್ರಾಮನಿಗೆ ಒಳ್ಳೆ ವಕೀಲರನ್ನು ನಾನು ನೋಡ್ತೇನೆ. ಸಿಟ್ಟಿನ ಭರದಲ್ಲಿ ಆದದ್ದು ಅಂತ ಹೇಳಿದ್ರೆ ಶಿಕ್ಷೆ ಕಮ್ಮಿ ಆಗ್ತದೆ." ನಿನ್ನೆ ಆರಕ್ಕೇ ತಾನು ಅಂಧೇರಿಯ ಸ್ಟುಡಿಯೋದಲ್ಲಿ ಸೆಟ್ ಜೋಡಿಸುತ್ತಿದ್ದೆ ಎಂದೂ ಹೇಳಿದ.

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಳು ದಾನೇಶ್ವರಿ. ಆ ಮೂವರಲ್ಲಿ ತನ್ನ ಚಿಗವ್ವನ ಮುಖ ನೋಡಿ ಮಾತಾಡಿದವನು ಅವನೊಬ್ಬನೇ.

ಒಳಗೆ ವಾರಿಜಾ ಐದೂ ರಿವಾಲ್ವರುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಒಂದೊಂದರ ಚಕ್ರಕ್ಕೂ ಉಕ್ಕಿನ ಕಡ್ಡಿ ತೂರಿಸಿ ನೋಡತೊಡಗಿದರು. ದಾನೇಶ್ವರಿ ಅವರು ಹೇಳಿದ ಅಂಕಿಗಳನ್ನು ಬರೆದುಕೊಂಡಳು. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ಕಾರ್ಖಾನೆಯವರು ಥೌ ಎನ್ನುತ್ತಾರೆ. ಎರಡು ರಿವಾಲ್ವರಿನ ಚಕ್ರದ ಬಾಯಿ ಮುನ್ನೂರ ಹದಿಮೂರು ಥೌ. ಮೂರನೇ ನಂಬರೂ ಸೇರಿ ಉಳಿದ ಮೂರು, ಮುನ್ನೂರ ಹದಿನಾಲ್ಕು. ಚಂದ್ರಾಮ ಎರೆದಿಟ್ಟಿದ್ದ ಡಬ್ಬಿಯ ಗುಂಡುಗಳ ಅಳತೆಯೂ ಮುನ್ನೂರ ಹದಿನಾಲ್ಕೇ. ಹದಿಮೂರರವಕ್ಕೆ ಬೇಕಾದಾಗ ಸೋಮನಾಥ ಅವನ್ನು ಒತ್ತಿ ಒಂದು ಥೌ ಇಳಿಸುತ್ತಿದ್ದರಂತೆ.

"ಇಷ್ಟು ಬಾರೀಕು ಯಾಕ ಬೇಕ್ರಿ?" ದಾನೇಶ್ವರಿ ಕೇಳಿದಳು.

"ಚಕ್ರದಲ್ಲಿ ಆರು ಮನೆ ಉಂಟಲ್ಲ, ಪ್ರತಿ ಮನೆಗೂ ಮುಂದೊಂದು ಬಾಯಿ. ಗುಂಡು ಆ ಬಾಯಿ ದಾಟಿಯೇ ನಳಿಕೆಗೆ ಹೋಗ್ಬೇಕು. ಸೀಸದ ಗುಂಡು ಸಣ್ಣದಾದ್ರೆ ಹಿಂದಿನ ಬೆಂಕಿ ಪಕ್ಕದಿಂದ ನುಗ್ಗಿ ಅದರ ಮೈ ಸವರ್ತದೆ. ಗುಂಡಿಗೆ ಹಿಡಿತ ಸಿಕ್ಕುದಿಲ್ಲ, ಗಾಳಿಯಲ್ಲಿ ಪಲ್ಟಿ ಹೊಡೀತದೆ. ದೊಡ್ಡದಾದ್ರೆ ತೋಟಾ ಮನೆಯೊಳಗೆ ಕೂರುದೇ ಇಲ್ಲ. ಹಾಗಾಗಿ ಮೊದಲು ಬಾಯಿ ಅಳೀಬೇಕು, ಆಮೇಲೆ ಗುಂಡು ಆರಿಸ್ಬೇಕು."

"ಬಾಟ್ಲಿ ನೋಡಿ ಬೂಚು ಹುಡುಕಿದಂಗ."

"ಹಾಗೇ."

ಬಾಗಿಲ ಹಿಂದೆ ಗುರಿಹಲಗೆಯ ಎರಡು ರಟ್ಟುಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ವಾರಿಜಾ ಅವನ್ನು ತಿರುಗಿಸಿದರು. ಮೂಲೆಯಲ್ಲಿ ಸೋಮನಾಥರ ಕೈಬರಹದ ತಾರೀಕು ಮತ್ತು 'ಬೆಳಿಗ್ಗೆ ಸಿಕ್ಕಿದ್ದು, ಯಾರದೋ' ಎಂಬ ಮಾತು. ಡಿಸೆಂಬರ್ ಮೊದಲ ವಾರದ ರಟ್ಟಿನಲ್ಲಿ ತೂತುಗಳು ದುಂಡಗಿರಲಿಲ್ಲ. ಒಂದೊಂದೂ ಉದ್ದಕ್ಕೆ ಹರಿದಿತ್ತು, ಗುಂಡು ಮಗ್ಗುಲಾಗಿ ಬಂದು ಬಡಿದ ಹಾಗೆ. ಎರಡನೆಯದು ತಿಂಗಳ ಕೊನೆಯದು. ಅದರಲ್ಲಿ ಆರು ತೂತು, ಆರೂ ದುಂಡಗೆ, ಒಂದು ಅಂಗೈಯೊಳಗೆ ಮುಚ್ಚುವಷ್ಟು ಹತ್ತಿರ.

ವಾರಿಜಾ ಆ ಎರಡು ರಟ್ಟುಗಳ ಮುಂದೆ ಬಹಳ ಹೊತ್ತು ನಿಂತರು. ಅವರ ಮುಖದಲ್ಲಿ ಭಯವನ್ನು ದಾನೇಶ್ವರಿ ನೋಡಿದ್ದು ಅದೇ ಮೊದಲು.

"ಯಾರೋ ತಾಳ್ಮೆಯಿಂದ ಕಲಿತಾ ಇದ್ದಾರೆ ಮಾರಾಯ್ತಿ," ಎಂದರು ಮೆಲ್ಲಗೆ.

ಮೇಜಿನ ಡ್ರಾಯರಿನಲ್ಲಿ ಒಂದು ಲಕೋಟೆ ಸಿಕ್ಕಿತ್ತು. ಮೇಲೆ ಕನ್ನಡದಲ್ಲಿ 'ಅಚ್ಚಿನ ಪೆಟ್ಟಿಗೆಯಲ್ಲಿ' ಎಂದಿಷ್ಟೇ ಬರಹ, ಒಳಗೆ ಅರ್ಧ ಕರಗಿದ ಲೋಹದ ತುಣುಕು. ಕಸವೆಂದು ರಾಧಿಕಾ ಪಕ್ಕಕ್ಕಿಟ್ಟಿದ್ದಳು. ತುಣುಕಿನ ಕರಗದ ತುದಿಯಲ್ಲಿ ಬೆರಳುಗುರಿನಷ್ಟು ಅಗಲದ, ಸುರುಳಿ ಸುರುಳಿಯಾದ ಏನೋ ಉಬ್ಬು. ದಾನೇಶ್ವರಿ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು.

ಮಧ್ಯಾಹ್ನ ರಾಧಿಕಾಳ ಜೊತೆ ಪ್ರಯೋಗಾಲಯಕ್ಕೆ ಹೋದರು. ಮುಟ್ಟುವ ಹಾಗಿಲ್ಲ, ನೋಡಬಹುದು ಎಂದರು ಅಲ್ಲಿನವರು. ವಾರಿಜಾ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತರು. ತರುಣ ಪರೀಕ್ಷಕನೊಬ್ಬ ಕೊಲೆಯ ಗುಂಡನ್ನು ಅಳೆದು ಓದಿದ: ಮುನ್ನೂರ ಹದಿನಾರು ಥೌ. ಎರಡನೇ ಸಲವೂ ಅದೇ. ತೂಕ ಹಾಕಿದಾಗ ಚಂದ್ರಾಮನ ಗುಂಡಿಗಿಂತ ಅದು ಗ್ರಾಮಿನ ಸುಮಾರು ಮೂರನೇ ಒಂದು ಪಾಲು ಹಗುರವಿತ್ತು. ಉಗುರಿನಿಂದ ಒತ್ತಿದರೆ ಚಂದ್ರಾಮನ ಸೀಸದಲ್ಲಿ ಸಣ್ಣ ಗುರುತು ಬೀಳುತ್ತಿತ್ತು. ಈ ಗುಂಡಿನ ಮೇಲೆ ಸೂಜಿಯೇ ಜಾರಿತು.

"ಎರಡು ಥೌ ಹೆಚ್ಚು. ದಪ್ಪ, ಆದ್ರೆ ಹಗುರ. ಮತ್ತೆ ಗಟ್ಟಿ," ಎಂದು ಗೊಣಗುತ್ತ ವಾರಿಜಾ ಹೊರಬಂದರು.

ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತ್ತು. ದಾನೇಶ್ವರಿಯ ತೊಡೆಯ ಮೇಲಿನ ಫೋನಿನಲ್ಲಿ ಆ ತುಣುಕಿನ ಚಿತ್ರ ತೆರೆದೇ ಇತ್ತು. ಟ್ರಾಫಿಕ್ ಪೊಲೀಸನ ಕಣ್ಣು ತಪ್ಪಿಸಿ ಅದನ್ನು ಜೇಬಿಗಿಡಲೆಂದು ಎತ್ತಿದಾಗ, ಎದುರಿನ ಕನ್ನಡಿಯಲ್ಲಿ ಪರದೆ ಒಂದು ಕ್ಷಣ ಮಿಂಚಿತು. ಇಂಡಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಸ್ಲೇಟಿನ ಮೇಲೆ ತಿದ್ದಿದ ಕೈ ಅವಳದು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದರೂ ಅವಳು ಕದಲಲಿಲ್ಲ.

"ಬಾಯಾರೇ, ಇದು ಕಸ ಅಲ್ರಿ. ಇದು ಣ. ತಿರುವು-ಮುರುವು ಕೆತ್ತಿದ ಣ."

ವಾರಿಜಾ ಮುಂದಕ್ಕೆ ಬಾಗಿ ಕನ್ನಡಿಯಲ್ಲಿ ನೋಡಿದರು. "ಅಚ್ಚುಮೊಳೆ," ಎಂದರು. "ಹಳೆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಸೀಸದ ಮೊಳೆ. ಸೋಮನಾಥರು ಇದನ್ನು ಲಕೋಟೆಯಲ್ಲಿ ಎತ್ತಿಟ್ಟದ್ದು ಸುಮ್ಮನೆ ಅಲ್ಲ. ನಡಿ, ನಿಶ್ಮಿತಾಳ ಮನೆಗೆ."

ಆ ಸಂಜೆ ನಿಶ್ಮಿತಾಳ ಜೊತೆ ಅವರು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ದಾನೇಶ್ವರಿ ಹೊರಗೆ ಮೆಟ್ಟಿಲ ಮೇಲೆ ಕಾದಳು. ಹೊರಬಂದ ವಾರಿಜಾ ರಾಧಿಕಾಳಿಗೆ ಫೋನು ಮಾಡಿ, ಮರುದಿನ ಹನ್ನೊಂದಕ್ಕೆ ಎಲ್ಲರನ್ನೂ ಕ್ಲಬ್ಬಿಗೆ ಕರೆಸಲು ಹೇಳಿದರು. ಇನ್ನೂ ಏನೋ ಹೇಳಿದರು, ದನಿ ತಗ್ಗಿಸಿ.

ಸೋಮನಾಥ ಬಿದ್ದಿದ್ದ ಕೋಣೆಯಲ್ಲೇ ಎಲ್ಲರೂ ಸೇರಿದರು. ನೆಲ ತೊಳೆದಿದ್ದರೂ ಮೂಟೆಯ ಪಕ್ಕದ ಕಲ್ಲು ಕಪ್ಪಾಗಿಯೇ ಇತ್ತು. ನಿಶ್ಮಿತಾ ಅದನ್ನು ನೋಡದಿರಲು ಕಿಟಕಿಯ ಕಡೆ ತಿರುಗಿ ಕುಳಿತಳು. ಪ್ರೀತಮ್ ಉಗುರು ಕಚ್ಚುತ್ತಿದ್ದ. ಸುಕೇಶ್ ಹನುಮವ್ವನ ಪಕ್ಕದಲ್ಲಿ ಕುಳಿತಿದ್ದ. ಬಾಗಿಲಲ್ಲಿ ರಾಧಿಕಾ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು.

"ಮೊನ್ನೆ ಬೆಳಿಗ್ಗೆ ಇಲ್ಲಿ ಎರಡು ಗುಂಡು ಹಾರಿತು," ವಾರಿಜಾ ಶುರು ಮಾಡಿದರು. "ಮೂರನೇ ನಂಬರಿನಿಂದ ಹೋದದ್ದು ಒಂದು. ಅಂದ್ರೆ ಇನ್ನೊಂದು ಬಂದೂಕು ಇತ್ತು. ಯಾವುದರಿಂದ ಸೋಮನಾಥರು ಸತ್ತರು? ಬನ್ನಿ ಪ್ರೀತಮ್."

ಅವರು ಉಕ್ಕಿನ ಕಡ್ಡಿಯೊಂದನ್ನು ಅವನ ಕೈಗಿತ್ತರು. "ಇದು ಮುನ್ನೂರ ಹದಿನಾರು. ಕೊಂದ ಗುಂಡಿನ ಅಳತೆ. ಐದು ರಿವಾಲ್ವರಿನಲ್ಲಿ ಯಾವುದರ ಬಾಯಿಗಾದ್ರೂ ತೂರಿಸಿ ನೋಡಿ."

ಪ್ರೀತಮ್ ಒಂದೊಂದೇ ಚಕ್ರಕ್ಕೆ ಕಡ್ಡಿ ಹಿಡಿದ. ಐದರಲ್ಲಿ ಯಾವುದರೊಳಗೂ ಅದು ಇಳಿಯಲಿಲ್ಲ. "ನಹೀಂ ಜಾತಾ," ಎಂದ.

"ಹೋಗುದಿಲ್ಲ. ಸಣ್ಣ ಬಾಯಿಂದ ತಳ್ಳಿದ್ರೆ ಸೀಸ ಒತ್ತಿ ಆ ಬಾಯಿಯಷ್ಟೇ ಆಗ್ತದೆ. ಹದಿನಾಲ್ಕರ ಬಾಯಿ ದಾಟಿ ಬಂದ ಗುಂಡು ಹದಿನಾರು ಇರ್ಲಿಕ್ಕೆ ಸಾಧ್ಯವೇ ಇಲ್ಲ. ಅಂದ್ರೆ ಕೊಂದದ್ದು ಕ್ಲಬ್ಬಿನ ಯಾವ ರಿವಾಲ್ವರೂ ಅಲ್ಲ. ಮೂರನೇ ನಂಬರಿನದ್ದು ಆಮೇಲೆ ದಿಬ್ಬಕ್ಕೆ ಹೊಡೆದ ಸುಳ್ಳು ಗುಂಡು. ಆಪಾದನೆ ಚಂದ್ರಾಮನ ಮೇಲೆ ಬರ್ಲಿ ಅಂತ."

ಹನುಮವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

"ಈಗ ಆ ಇನ್ನೊಂದು ಬಂದೂಕು." ವಾರಿಜಾ ಎರಡು ರಟ್ಟುಗಳನ್ನು ಮೇಜಿನ ಮೇಲಿಟ್ಟರು. "ಯಾರೋ ಬೆಳಗಿನ ಜಾವ ಇಲ್ಲಿ ಒಂದು ಸವೆದುಹೋದ ರಿವಾಲ್ವರ್ ತಂದು ಹೊಡೆದು ನೋಡ್ತಿದ್ರು. ಬಾಯಿ ಅಗಲ, ನಳಿಕೆ ಸಡಿಲ. ಮೊದಲು ಕ್ಲಬ್ಬಿನದ್ದೇ ಹದಿನಾಲ್ಕರ ಗುಂಡು ಹಾಕಿದ್ರು. ಹಿಡಿತ ಸಿಕ್ಕದೆ ಅದು ಮಗ್ಗುಲಾಗಿ ಬಡೀತು, ಈ ಉದ್ದ ತೂತು ನೋಡಿ. ಮೂರು ವಾರದ ನಂತರ ಇದು. ದುಂಡಗಿನ ತೂತು. ಸರಿಯಾದ ಗಾತ್ರ ಸಿಕ್ಕಿತು."

"ಅಚ್ಚು ಮಾತ್ರ ಅದೇ ಅಲ್ವಾ?" ಪ್ರೀತಮ್ ಕೇಳಿದ. "ಸೇಮ್ ಮೋಲ್ಡಿಂದ ಬಿಗ್ಗರ್ ಬುಲೆಟ್ ಕೈಸೆ?"

"ಒಳ್ಳೆ ಪ್ರಶ್ನೆ. ಸೀಸ ಆರುವಾಗ ಕುಗ್ತದೆ. ಮೆತ್ತನೆ ಸೀಸ ಹೆಚ್ಚು ಕುಗ್ತದೆ. ಅದಕ್ಕೆ ಬೇರೆ ಲೋಹ ಬೆರೆಸಿ ಗಟ್ಟಿ ಮಾಡಿದ್ರೆ ಕಮ್ಮಿ ಕುಗ್ತದೆ, ಅದೇ ಅಚ್ಚಿನಿಂದ ಒಂದೆರಡು ಥೌ ದಪ್ಪ ಬರ್ತದೆ. ಆ ಲೋಹ ಹಗುರ, ಹಾಗಾಗಿ ಗುಂಡೂ ಹಗುರ. ಕೊಂದ ಗುಂಡು ದಪ್ಪ, ಹಗುರ, ಗಟ್ಟಿ. ಚಂದ್ರಾಮ ದಿಬ್ಬದಿಂದ ಹೆಕ್ಕುವ ಸೀಸ ಅದಲ್ಲ. ಕೊಂದವರು ಅಚ್ಚನ್ನು ಇಲ್ಲಿಂದ ಒಯ್ದ್ರು, ಸೀಸವನ್ನು ಬೇರೆ ಎಲ್ಲಿಂದಲೋ ತಂದ್ರು."

ವಾರಿಜಾ ಅಲ್ಲಿಗೇ ನಿಲ್ಲಿಸಿ ನೀರಿನ ಲೋಟಕ್ಕೆ ಕೈ ಚಾಚಿದರು. ನಿಧಾನವಾಗಿ ಕುಡಿದರು.  ಹೊರಗೆ ಗುಡ್ಡದಲ್ಲಿ ಮಂಗಗಳು ಒಮ್ಮೆಲೇ ಕೂಗಿ ಸುಮ್ಮನಾದವು.

ಸುಕೇಶ್ ಗಂಟಲು ಸರಿಮಾಡಿಕೊಂಡ. "ಹೇಳ್ಬಾರ್ದು ಮ್ಯಾಡಂ, ಪಾಪ ಅಪ್ಪನನ್ನು ಕಳೆದುಕೊಂಡ ಹುಡುಗಿ. ಆದ್ರೆ ನಿಶ್ಮಿತಾಳ ಅಜ್ಜನದ್ದು ಕನ್ನಡ ಪ್ರೆಸ್ ಇತ್ತು. ಮನೆಯಲ್ಲಿ ಮೊಳೆ ರಾಶಿ ರಾಶಿ ಇತ್ತು. ಅಪ್ಪ ಮಗಳಿಗೆ ಸರಿ ಇರ್ಲಿಲ್ಲ ಅಂತಲೂ..."

"ಮೊಳೆ?" ಎಂದರು ವಾರಿಜಾ. "ಮೊಳೆಯ ಸುದ್ದಿ ನಾನು ಎತ್ತಲೇ ಇಲ್ಲ ಸುಕೇಶ್."

ಪ್ರೀತಮ್ ಸುಕೇಶನ ಕಡೆ ತಿರುಗಿದ.

"ಗಟ್ಟಿ ಸೀಸ ಅಂದ್ರೆ ಪ್ರೆಸ್ಸಿನ ಮೊಳೆ. ಗುರಿಕಾರರಿಗೆಲ್ಲ ಗೊತ್ತಿರುವ ವಿಷಯ," ಎಂದ ಸುಕೇಶ್. ದನಿಯಲ್ಲಿ ಇನ್ನೂ ಸಮಾಧಾನವಿತ್ತು.

"ಆಗಬಹುದು. ನಿಶ್ಮಿತಾ, ಅಜ್ಜನ ಮೊಳೆ ಈಗ ಎಲ್ಲುಂಟು?"

ನಿಶ್ಮಿತಾ ಕಿಟಕಿಯಿಂದ ಮುಖ ತಿರುಗಿಸಿದಳು. "ಇವ್ರ ಹತ್ರ. ಟೂ ಇಯರ್ಸ್ ಆಯ್ತು. ಹಳೆ ಪ್ರೆಸ್ಸಿನ ಸೆಟ್ ಹಾಕ್ಬೇಕು, ಶೂಟಿಂಗ್ ಮುಗಿದ್ಮೇಲೆ ವಾಪಸ್ ಕೊಡ್ತೇನೆ ಅಂದ್ರು. ಪಪ್ಪಾ ಹತ್ತು ಸಲ ಕೇಳಿದ್ರು. ಸುಕೇಶ್ ಅಂಕಲ್, ನೀವೇ ಟೆಂಪೋ ತಂದಿದ್ರಿ. ನಾನೇ ಲಿಫ್ಟಿಂದ ಬಾಕ್ಸ್ ಇಳಿಸ್ಲಿಕ್ಕೆ ಹೆಲ್ಪ್ ಮಾಡ್ದೆ."

"ಸೆಟ್ಟಿನಲ್ಲೇ ಇವೆ. ಒಂದೂ ಕಳೆದಿಲ್ಲ."

"ಒಂದು ಇಲ್ಲುಂಟು." ವಾರಿಜಾ ಲಕೋಟೆಯಿಂದ ಆ ತುಣುಕನ್ನು ತೆಗೆದು ಬಟ್ಟೆಯ ಮೇಲಿಟ್ಟರು. "ನೀವು ಅಚ್ಚು ವಾಪಸು ತಂದುಕೊಟ್ಟಾಗ ಪೆಟ್ಟಿಗೆಯ ತಳದಲ್ಲಿ ಉಳಿದದ್ದು. ಬೇರೆಯವರು ನೋಡಿದ್ರೆ ಕಸ. ಸೋಮನಾಥರು ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ಈ ಮೊಳೆಗಳನ್ನೇ ಜೋಡಿಸಿದವರು. ಚಂದ್ರಾಮ ಬಾಯಿ ಬಿಡದಾಗ ಪೆಟ್ಟಿಗೆ ತಡಕಿದವರಿಗೆ ಒಂದೇ ನೋಟಕ್ಕೆ ತಿಳೀತು, ಇದು ಯಾರ ಮೊಳೆ, ಯಾರ ಹತ್ರ ಇತ್ತು ಅಂತ. ರಟ್ಟುಗಳನ್ನು ಅವರು ಮೊದಲೇ ಎತ್ತಿಟ್ಟಿದ್ರು. ಆದ್ರೂ ಪೊಲೀಸರ ಹತ್ರ ಹೋಗುವ ಮೊದಲು ಇಪ್ಪತ್ತು ವರ್ಷದ ಗೆಳೆಯನನ್ನು ಕರೆದು ಕೇಳುವ ಅಂತ ಅನ್ನಿಸಿರ್ಬೇಕು. ಮೊನ್ನೆ ಬೆಳಿಗ್ಗೆ ಇಲ್ಲಿಗೆ ಕರೆದದ್ದು ನಿಮ್ಮನ್ನು. ನೀವು ಬರುವಾಗಲೇ ರಿವಾಲ್ವರ್ ತುಂಬಿಸಿಕೊಂಡು ಬಂದ್ರಿ."

"ಕತೆ ಚೆನ್ನಾಗಿದೆ," ಎಂದ ಸುಕೇಶ್. ಎದ್ದು ನಿಂತ. ಕಾನ್‌ಸ್ಟೇಬಲ್‌ಗಳಿಬ್ಬರೂ ಒಂದು ಹೆಜ್ಜೆ ಮುಂದೆ ಬಂದರು.

ರಾಧಿಕಾಳ ಫೋನು ಗುಂಯ್‌ಗುಟ್ಟಿತು. ಅವಳು ಮರಾಠಿಯಲ್ಲಿ ಎರಡು ಮಾತಾಡಿ, ಸುಮ್ಮನೆ ಕೇಳುತ್ತ ನಿಂತಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು.

"ಅಂಧೇರಿಯ ನಿಮ್ಮ ಗೋಡೌನಿನ್ಯಾಗ ನಮ್ಮವರು ಇದ್ದಾರ," ಎಂದಳು. "ಮೊಳೆಯ ಪೆಟಿಗಿ ಹನ್ನೆರಡು ಸಿಕ್ಕಾವ, ಹತ್ತು ಖಾಲಿ. ಸೀಸ ಕರಗಿಸೋ ಪಾತ್ರಿ ಸಿಕ್ಕದ. ನಕಲಿ ಬಂದೂಕಿನ ಟ್ರಂಕಿನ ಅಡಿಗೆ ಒಂದು ಅಸಲಿ ರಿವಾಲ್ವರ್, ಅಗದೀ ಹಳೇದು. ಸ್ಟುಡಿಯೋ ಗೇಟಿನ ಕ್ಯಾಮೆರಾದಾಗ ಮೊನ್ನೆ ನಿಮ್ಮ ಗಾಡಿ ಒಳಗ ಬಂದಿದ್ದು ಆರಕ್ಕಲ್ಲ, ಎಂಟೂ ಹತ್ತಕ್ಕ."

ನಂತರ ವಾರಿಜಾರ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು. "ಟ್ರಂಕಿನ ಸ್ಪಂಜಿನೊಳಗ ರಿವಾಲ್ವರ್ ಆಕಾರದ ಆರು ಕುಣಿ ಕೊರದಾರಂತ ಮ್ಯಾಡಂ. ಇದ್ದದ್ದು ಒಂದೇ."

ಹಳೆಯ ಸವೆದ ರಿವಾಲ್ವರುಗಳನ್ನು ಸಿನಿಮಾ ಸಾಮಾನೆಂದು ತರಿಸಿ, ರಿಪೇರಿ ಮಾಡಿ, ಅವುಗಳ ಅಗಲ ಬಾಯಿಗೆ ಒಗ್ಗುವ ಗುಂಡು ಎರೆದು, ಗುರಿ ಪರೀಕ್ಷಿಸಿ ಸುಕೇಶ್ ಹೊರಗಿನವರಿಗೆ ಕೊಡುತ್ತಿದ್ದ. ಯಾರಿಗೆ, ಯಾಕೆ ಎಂದು ರಾಧಿಕಾ ಕೇಳಿದಾಗ ಅವನು ವಕೀಲರು ಬರಲಿ ಎಂದಷ್ಟೇ ಹೇಳಿದ. ಜೀಪಿಗೆ ಹತ್ತಿಸುವಾಗ ಮಾತ್ರ ಹನುಮವ್ವನ ಕಡೆ ತಿರುಗಿ, "ಚಹಾ ಕುಡಿದ್ರಲ್ಲ ಅಮ್ಮ?" ಎಂದು ಕೇಳಿದ. ಆ ದನಿಯಲ್ಲಿ ನಿನ್ನೆಯ ಅದೇ ಕಾಳಜಿ ಇತ್ತು. 

ಎರಡು ದಿನ ಬಿಟ್ಟು ಚಂದ್ರಾಮನ ಬಿಡುಗಡೆಯಾಯಿತು. ಠಾಣೆಯ ಅಂಗಳದ ಬಿಸಿಲಿಗೆ ಬಂದವನು ಹೆಂಡತಿಯನ್ನಾಗಲಿ, ದಾನೇಶ್ವರಿಯನ್ನಾಗಲಿ ನೋಡಲಿಲ್ಲ. ಅಲ್ಲಿ ನಿಶ್ಮಿತಾ ಬಂದು ನಿಂತಿದ್ದಳು. ಅವಳನ್ನು ಕಂಡದ್ದೇ ಅವನು ನೆಲಕ್ಕೆ ಕುಕ್ಕರಿಸಿದ.

"ನಾನೇ ಕೊಟ್ಟೆ ಬೇಬಿ," ಎಂದ. ಐದು ದಿನದಲ್ಲಿ ಅವನು ಆಡಿದ ಮೊದಲ ಮಾತು ಅದು. "ಸಿನಿಮಾದಾಗ ತೋರಸ್ತೀನಿ ಅಂತ ಅಚ್ಚು ಕೇಳಿದ್ರು, ಕೊಟ್ಟೆ. ನಿಮ್ಮ ಅಪ್ಪಾಜಿ ಎಲ್ಲಾರ ಮುಂದ ಕೇಳಿದಾಗ ನಾಲಿಗಿ ಏಳಲಿಲ್ಲ. ಅವತ್ತು ಬೆಳಗ್ಗೆ ಒಬ್ರೇ ಇರ್ತಾರ, ಹೇಳಿಬಿಡೂಣು ಅಂತ ಬಾಗ್ಲಾ ತೆಗದೆ. ಹೇಳಾಕ ಅವರು ಇದ್ದಿಲ್ಲ. ನಾ ಕೊಂದಂಗಾತು. ಪೊಲೀಸರಿಗೆ ಇಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ನಿಶ್ಮಿತಾ ಅಳುತ್ತಿದ್ದಳು. ಅವನ ಮಾತು ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಹಿಡಿದೇ ನಿಂತಳು. ಕೊನೆಗೆ ಅವನೇ ಕೈ ಚಾಚಿದ.

ವಾರಿಜಾ ಅವನೆದುರು ಮೆಟ್ಟಿಲ ಮೇಲೆ ಕುಳಿತರು. "ಚಂದ್ರಾಮ, ತಪ್ಪು ಮಾಡಿದ್ದೀರಿ. ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಐದು ರಿವಾಲ್ವರ್ ಹೊರಗುಂಟು. ಯಾರನ್ನೋ ಕೊಲ್ಲಲಿಕ್ಕೇ ಅವನ್ನು ಒಯ್ದದ್ದು. ಅಚ್ಚು ಎಷ್ಟು ಸಲ ಕೊಟ್ರಿ? ಸುಕೇಶನ ಜೊತೆ ಬಂದವರು ಯಾರ್ಯಾರು? ಯಾವ ಗಾಡಿ? ಈಗ ನೀವು ಬಾಯಿ ಬಿಟ್ರೆ ಅವರು ಬದುಕಿಯಾರು."

ಚಂದ್ರಾಮ ನೀರು ಕುಡಿದ. ತೋಳಿನಿಂದ ಬಾಯಿ ಒರೆಸಿಕೊಂಡ. ಆಮೇಲೆ ಎದ್ದು, ಯಾರೂ ಕರೆಯದೆಯೇ, ತಾನು ಆಗಷ್ಟೇ ಬಿಟ್ಟುಬಂದ ಠಾಣೆಯ ಬಾಗಿಲಿಗೆ ವಾಪಸು ನಡೆದ.

ಮೂರು ತಾಸು ಅವನು ಮಾತಾಡಿದ. ಅಚ್ಚು ಕೊಟ್ಟದ್ದು ನಾಲ್ಕು ಸಲ. ಒಮ್ಮೆ ಬಂದವನ ಹೆಬ್ಬೆರಳಿಗೆ ಉಗುರಿರಲಿಲ್ಲ. ಇನ್ನೊಮ್ಮೆ ಬಿಳಿ ವ್ಯಾನು, ಅದರ ಹಿಂದಿನ ಗಾಜಿನ ಮೇಲೆ ಯಾವುದೋ ಕೇಟರಿಂಗಿನ ಹೆಸರು. ಅವನು ಹೇಳಿದ್ದನ್ನು ದಾನೇಶ್ವರಿ ಬರೆದುಕೊಳ್ಳುವ ಕಾನ್‌ಸ್ಟೇಬಲ್‌ಗೆ ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು.

ಆ ವಾರ ಭಿವಂಡಿಯ ಒಂದು ಗೋದಾಮಿನಲ್ಲಿ ಎರಡು ರಿವಾಲ್ವರ್ ಸಿಕ್ಕಿದವು. ಆಮೇಲೆ ಕುರ್ಲಾದಲ್ಲಿ ಒಂದು, ಹೊಡೆಯಲು ಸಿದ್ಧನಾಗಿ ಒಂದು ಮನೆಯೆದುರು ಕಾದಿದ್ದವನ ಸೊಂಟದಲ್ಲೇ. ಆ ಮನೆಯಲ್ಲಿದ್ದ ಹೆಂಗಸಿಗೆ, ತನ್ನನ್ನು ಉಳಿಸಿದವನು ಸೀಸ ಹೆಕ್ಕುವ ಕೂಲಿಯೊಬ್ಬನೆಂದು ಯಾರೂ ಹೇಳಲಿಲ್ಲ. ಮೂರರಲ್ಲೂ ತುಂಬಿದ್ದದ್ದು ಮುನ್ನೂರ ಹದಿನಾರರ ಗುಂಡು.

ಉಳಿದ ಎರಡು ಇನ್ನೂ ಸಿಕ್ಕಿಲ್ಲ.